ಎಮ್ಮೆಯ ಕರು ಮತ್ತು ಜಂತುಹುಳು

ಕಲಾವಿಭಾಗದ ವಿದ್ಯಾರ್ಥಿನಿಯೊಬ್ಬಳು ಜಂತುಹುಳುವಿನ ಮೇಲೆ ಲೇಖನ ಬರೆಯುತ್ತಾಳೆಂದರೆ ವಾಚಕ ಮಿತ್ರರಿಗೆ ವಿಚಿತ್ರವೆನಿಸಬಹುದು. ನಮ್ಮ ಸಂಚಿಕೆಯ ಸಂಪಾದಕ ಮಂಡಲಿಯವರಿಗೂ ಹಾಗೆಯೇ ಎನಿಸಿತು. “ಒಂದು ಕವಿತೆಯನ್ನೋ ಪ್ರವಾಸದ ಅನುಭವವನ್ನೋ ಕೊಡಬಾರದೇ?” ಎಂದು ಕೇಳಿದರು. ಪ್ರವಾಸಕ್ಕೆ ನಾನು ಹೋದವಳಲ್ಲ; ಕವಿತೆ ನನಗೆ ಬಾರದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಈ ಮೂರು ವಿಷಯಗಳು ಪರೀಕ್ಷೆಗೆ ಬೇಕಾಗುವಷ್ಟು ತಿಳಿದಿವೆ. ಅವುಗಳಿಗಿಂತ ಚೆನ್ನಾಗಿ ತಿಳಿದಿರುವುದು ನಮ್ಮ ಮನೆಯ ಎಮ್ಮೆಯೊಂದೇ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಆ ಮೆಟ್ಟಿಲಿಗೆ ಬೇಕಾದ ಶುಲ್ಕ, ಪುಸ್ತಕ, 2023ರ ಜೂನ್ ತಿಂಗಳಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಗುವ ತನಕ ಬಸ್ಸಿನ ಪಾಸು, ಎಲ್ಲವೂ ಡೈರಿಯಲ್ಲಿ ಅವ್ವ ಅಳೆದು ಕೊಟ್ಟ ಹಾಲಿನಿಂದ ಬಂದವು. ಆದಕಾರಣ ಎಮ್ಮೆಯ ಹೊಟ್ಟೆ, ಕರುವಿನ ಹೊಟ್ಟೆ ಇವು ನನಗೆ ಪಠ್ಯದ ಹೊರಗಿನ ವಿಷಯಗಳಲ್ಲ. ಈ ವಿಷಯವನ್ನು ಅರ್ಧ ತಿಳಿದುಕೊಂಡು ನಾನು ಮಾಡಿದ ಒಂದು ತಪ್ಪೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

2022ರ ಶ್ರಾವಣದಲ್ಲಿ, ನಾನು ಕಾಲೇಜಿಗೆ ಸೇರಿದ ಹೊಸತರಲ್ಲಿ, ನಮ್ಮ ಎಮ್ಮೆ ಹೆಣ್ಣುಕರು ಹಾಕಿತು. ಎಮ್ಮೆ ಸಾಕುವ ಮನೆಯಲ್ಲಿ ಹೆಣ್ಣುಕರುವೆಂದರೆ ಮುಂದಿನ ಎಮ್ಮೆಯೇ ಹುಟ್ಟಿದಂತೆ. ಮೊದಲ ಎರಡು ವಾರ ಕರು ಚೆನ್ನಾಗಿ ಜಿಗಿದಾಡಿತು. ಮೂರನೆಯ ವಾರದಿಂದ ಅದರ ಹೊಟ್ಟೆ ಗಡಿಗೆಯಂತೆ ಉಬ್ಬತೊಡಗಿತು. ಆದರೆ ಬೆನ್ನು, ತೊಡೆ ಒಣಗುತ್ತ ಬಂದವು. ಕೂದಲು ನಿಗುರಿ ನಿಂತು ಹೊಳಪು ಕಳೆದುಕೊಂಡಿತು. ಸಗಣಿ ಬೂದು ಬಣ್ಣದ ಜೇಡಿಯಂತೆ ಅಂಟಂಟಾಗಿ, ಸಹಿಸಲಾಗದ ನಾತ. ಬಾಯಿಯಿಂದಲೂ ಒಂದು ಬಗೆಯ ಹುಳಿ ವಾಸನೆ. ಗೋಡೆಯ ಮಣ್ಣು ನೆಕ್ಕುತ್ತಿತ್ತು.

ನಮ್ಮ ಆಯಿ ಕರುವಿನ ಹೊಟ್ಟೆ ತಟ್ಟಿ ನೋಡಿ, “ಹಾಲು ಹೆಚ್ಚಾಗೇತಿ ಇದಕ್ಕ. ಒಂದು ಮೊಲಿ ಸಾಕು” ಎಂದಳು. ನಾಲ್ಕು ಮೊಲೆಗಳಲ್ಲಿ ಎರಡನ್ನು ಕುಡಿಯುತ್ತಿದ್ದ ಕರುವಿಗೆ ಒಂದೇ ಮೊಲೆ ಗತಿಯಾಯಿತು. ಅದೂ ನಾಟದಿದ್ದಾಗ ಓಣಿಯ ಹಿರಿಯರೊಬ್ಬರು ಬಂದು ಹೊಟ್ಟೆಯ ಮೇಲೆ ಕಾಯಿಸಿದ ಕುಡುಗೋಲಿನಿಂದ ಬರೆ ಹಾಕಿದರು. ಕೊನೆಗೆ, ಹುಟ್ಟಿದ ಮೂವತ್ತೆಂಟನೆಯ ದಿನ, ಸಗಣಿಯಲ್ಲಿ ಗೇಣುದ್ದದ ಬಿಳಿಯ ಹುಳುಗಳು ಉಂಡೆಯುಂಡೆಯಾಗಿ ಬಿದ್ದವು. ಮರುದಿನ ಬೆಳಗಿನ ಜಾವ ಕರು ಸತ್ತಿತು. ಕರು ಸತ್ತ ಎಮ್ಮೆ ಸುಲಭವಾಗಿ ಹಾಲಿಳಿಸುವುದಿಲ್ಲ. ಹೊತ್ತಿಗೆ 4 ಲೀಟರು ಕೊಡುತ್ತಿದ್ದ ಎಮ್ಮೆ 2 ಲೀಟರಿಗೆ ಇಳಿಯಿತು. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಬಂಡವಾಳದ ಸವಕಳಿ ಎಂದೊಂದು ಪ್ರಕರಣವಿದೆ. ಅದನ್ನು ಆ ವರ್ಷ ನಾನು ಓದದೆಯೇ ಕಲಿತೆ.

ನಾಲ್ಕು ದಿನ ಬಿಟ್ಟು, ಒಂದು ಹುಳುವನ್ನು ಉಪ್ಪುನೀರಿನ ಸೀಸೆಯಲ್ಲಿ ಹಾಕಿಕೊಂಡು, ಕಾಲೇಜಿಗೆ ಹೋಗುವ ದಾರಿಯಲ್ಲಿರುವ ಪಶು ಆಸ್ಪತ್ರೆಗೆ ಹೋದೆ. ವೈದ್ಯರು ಸೀಸೆಯನ್ನು ಬೆಳಕಿಗೆ ಹಿಡಿದು ಒಂದೇ ನೋಟದಲ್ಲಿ ಗುರುತಿಸಿದರು. ಇದರ ಶಾಸ್ತ್ರೀಯ ಹೆಸರು ಟಾಕ್ಸೊಕಾರ ವಿಟುಲೋರಮ್. ಲ್ಯಾಟಿನ್ ಭಾಷೆಯಲ್ಲಿ ವಿಟುಲೋರಮ್ ಎಂದರೆ ‘ಕರುಗಳದು’ ಎಂದರ್ಥ. ಈ ಹೆಸರಿಟ್ಟವನು ಜರ್ಮನಿಯ ಗೋಯೆಜೆ ಎಂಬ ಕ್ರೈಸ್ತ ಪಾದ್ರಿ, 1782ರಲ್ಲಿ. ಧರ್ಮೋಪದೇಶದ ನಡುವೆ ಪ್ರಾಣಿಗಳ ಕರುಳಿನ ಹುಳುಗಳನ್ನು ಹುಡುಕುತ್ತ ಕುಳಿತ ಆ ಮನುಷ್ಯನನ್ನು ನೆನೆದರೆ, ಕಲಾವಿಭಾಗದವಳಾದ ನನಗೂ ಧೈರ್ಯ ಬರುತ್ತದೆ.

ಹೆಸರು ಸರಿಯಾಗಿಯೇ ಬಿದ್ದಿದೆ. ಈ ಹುಳು ಬೆಳೆದು ದೊಡ್ಡದಾಗುವುದು ಎಳೆಗರುವಿನ ಸಣ್ಣಕರುಳಿನಲ್ಲಿ ಮಾತ್ರ. ಬೆಳೆದ ಎಮ್ಮೆಯ ಕರುಳಿನಲ್ಲಿ ಇದು ನೆಲೆಸುವುದಿಲ್ಲ. ಆಕಳ ಕರುವಿಗೂ ಇದು ಬರುತ್ತದೆ. ಆದರೆ ಎಮ್ಮೆಯ ಕರುವಿಗೆ ಹೆಚ್ಚು. 2019ರ ಜಾನುವಾರು ಗಣತಿಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 98 ಲಕ್ಷ ಎಮ್ಮೆಕೋಣಗಳಿದ್ದವು. ಅಷ್ಟು ಮನೆಗಳ ಕೊಟ್ಟಿಗೆಯಲ್ಲಿ ಈ ಹುಳುವಿಗೆ ಜಾಗವುಂಟು.

“ಹಾಗಾದರೆ ಇದು ಮಣ್ಣು ತಿಂದು ಬಂದದ್ದೇ, ಸರ್?” ಎಂದು ಕೇಳಿದೆ. ಅವರು ತಲೆಯಲ್ಲಾಡಿಸಿದರು. “ಇಲ್ಲ ತಂಗಿ. ಮಣ್ಣು ತಿಂದದ್ದು ಹುಳ ಆದ ಮ್ಯಾಲೆ. ಹುಳ ಬಂದದ್ದು ತಾಯಿ ಹಾಲಿನಾಗ.”

ಈ ಮಾತು ಕೇಳಿ ನಾನು ಬೆರಗಾದೆ. ಹಾಲಿನಲ್ಲಿ ಹುಳು ಬರುವುದು ಹೇಗೆ? ಅವರು ವಿವರಿಸಿದ್ದು ಹೀಗೆ. ಹುಳು ಹಿಡಿದ ಕರುವಿನ ಒಂದು ಗ್ರಾಂ ಸಗಣಿಯಲ್ಲಿ ಹತ್ತಾರು ಸಾವಿರ ಮೊಟ್ಟೆಗಳಿರಬಹುದು. ಒಂದೊಂದು ಮೊಟ್ಟೆಯೂ ಸುಮಾರು 80 ಮೈಕ್ರಾನ್. ಅಂದರೆ 1 ಮಿಲಿಮೀಟರಿನೊಳಗೆ ಹನ್ನೆರಡು ಮೊಟ್ಟೆಗಳನ್ನು ಸಾಲಾಗಿ ಇಡಬಹುದು. ಮೊಟ್ಟೆಯ ಕವಚ ಬಲು ದಪ್ಪ. ನೆರಳು, ತೇವ ಇರುವ ಕೊಟ್ಟಿಗೆಯ ನೆಲದಲ್ಲಿ ಅದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬೆಚ್ಚಗಿನ ತೇವದಲ್ಲಿ ಕೆಲವು ವಾರಗಳೊಳಗೆ ಮೊಟ್ಟೆಯೊಳಗೆ ಮರಿ ತಯಾರಾಗುತ್ತದೆ. ಅದೇ ನೆಲದ ಮೇಲೆ ಹಾಕಿದ ಮೇವಿನೊಡನೆ ಎಮ್ಮೆ ಅದನ್ನು ನುಂಗುತ್ತದೆ. ಎಮ್ಮೆಯ ಹೊಟ್ಟೆಯಲ್ಲಿ ಮರಿ ಹೊರಬಂದು, ಕರುಳನ್ನು ಕೊರೆದು ಯಕೃತ್ತು, ಪುಪ್ಪುಸ ಮೊದಲಾದ ಅಂಗಗಳಿಗೆ ಹೋಗಿ ಸದ್ದಿಲ್ಲದೆ ಮಲಗಿಬಿಡುತ್ತದೆ. ಎಮ್ಮೆಗೆ ಯಾವ ಬಾಧೆಯೂ ಇಲ್ಲ. ಸಗಣಿ ಪರೀಕ್ಷೆ ಮಾಡಿದರೂ ಒಂದು ಮೊಟ್ಟೆ ಸಿಗುವುದಿಲ್ಲ. ಎಮ್ಮೆ ಗಬ್ಬವಾಗಿ, ಈಯುವ ಕಾಲ ಸಮೀಪಿಸಿದಾಗ ಈ ಮಲಗಿದ ಮರಿಗಳು ಎಚ್ಚತ್ತು ಕೆಚ್ಚಲಿನ ದಾರಿ ಹಿಡಿಯುತ್ತವೆ. ಈದ ಮೊದಲ ದಿನಗಳ ಹಾಲಿನಲ್ಲಿ ಇಳಿದು ಕರುವಿನ ಹೊಟ್ಟೆ ಸೇರುತ್ತವೆ. ಮೂರು ವಾರಗಳಲ್ಲಿ ಅವು ಬೆಳೆದು ಮೊಟ್ಟೆಯಿಡಲು ಮೊದಲುಮಾಡುತ್ತವೆ. ಆ ಮೊಟ್ಟೆ ಮತ್ತೆ ಅದೇ ನೆಲಕ್ಕೆ.

ನೋಡಿರಿ, ಎಂಥ ಚಕ್ರ! ಕರುವಿನಿಂದ ನೆಲಕ್ಕೆ, ನೆಲದಿಂದ ತಾಯಿಗೆ, ತಾಯಿಯಿಂದ ಕರುವಿಗೆ. ಇದರಲ್ಲಿ ಆಯಿ ಹೇಳಿದ ಹಾಲಿನ ಹೆಚ್ಚಳವೂ ಇಲ್ಲ, ಓಣಿಯವರು ಹೇಳಿದ ದೃಷ್ಟಿಯೂ ಇಲ್ಲ.

ವೈದ್ಯರು ಆಗಷ್ಟೇ ಬಂದಿದ್ದ ಬೇರೊಂದು ಕರುವಿನ ಸಗಣಿಯನ್ನು ನನಗೆ ಪರೀಕ್ಷೆ ಮಾಡಿ ತೋರಿಸಿದರು. ಬಲು ಸುಲಭ ಉಪಾಯ. ನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಉಪ್ಪು ಕರಗಿಸಿ, ಅದರಲ್ಲಿ ಚಿಟಿಕೆ ಸಗಣಿ ಕಲಸಿ ಸೋಸುತ್ತಾರೆ. ಆ ಉಪ್ಪುನೀರನ್ನು ಸಣ್ಣ ಸೀಸೆಯಲ್ಲಿ ಕಂಠದವರೆಗೆ ತುಂಬಿ, ಮೇಲೆ ತೆಳು ಗಾಜು ಮುಚ್ಚಿ ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಉಪ್ಪುನೀರು ಭಾರ, ಮೊಟ್ಟೆ ಹಗುರ. ಆದ್ದರಿಂದ ಮೊಟ್ಟೆಗಳು ತೇಲಿ ಬಂದು ಗಾಜಿಗೆ ಅಂಟುತ್ತವೆ. ಸೂಕ್ಷ್ಮದರ್ಶಕದಲ್ಲಿ ನಾನು ಕಣ್ಣಿಟ್ಟದ್ದು ಅದೇ ಮೊದಲು. ಮೊದಲು ನನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ, ಹಳದಿ ಬಣ್ಣದ ದುಂಡನೆಯ ಕಾಳುಗಳು, ಮೈಯೆಲ್ಲ ಸಣ್ಣ ಸಣ್ಣ ಕುಳಿ ಬಿದ್ದವು, ರಾಶಿ ಹಾಕಿದ ಹಾಗೆ ಕಂಡವು. ನಮ್ಮ ಕರುವನ್ನು ಕೊಂದದ್ದು ಇಷ್ಟು ಸಣ್ಣದರಿಂದ ಆರಂಭವಾಯಿತೆಂದು ನಂಬುವುದು ಕಷ್ಟವಾಯಿತು.

ವೈದ್ಯರು ಇನ್ನೂ ಏನೋ ಹೇಳುತ್ತಿದ್ದರು. ಹೊರಗೆ ನಮ್ಮೂರಿನ ಬಸ್ಸು ಹಾರ್ನ್ ಹಾಕಿತು. ಅದು ತಪ್ಪಿದರೆ ಸಂಜೆಯ ತನಕ ಬೇರೆ ಬಸ್ಸಿಲ್ಲ. ನಮಸ್ಕಾರ ಹೇಳಿ ಓಡಿದೆ.

ಮುಂದಿನ ಕರು ಹುಟ್ಟಿದ್ದು 2023ರ ನವೆಂಬರಿನಲ್ಲಿ. ಇದೂ ಹೆಣ್ಣು. ಎಮ್ಮೆ ಈಯುವ ಮೊದಲೇ ನಾನು ಮನೆಯಲ್ಲಿ ಉಪನ್ಯಾಸ ಮಾಡಿಬಿಟ್ಟಿದ್ದೆ. ಹುಳು ಬರುವುದು ಹಾಲಿನಲ್ಲಿ, ಅದೂ ಮೊದಲ ದಿನಗಳ ಹಾಲಿನಲ್ಲಿ. ಅಂದಮೇಲೆ ಆ ಹಾಲನ್ನು ಕರುವಿಗೆ ಕೊಡದಿದ್ದರೆ ಹುಳುವಿನ ದಾರಿಯೇ ಮುಚ್ಚಿತಲ್ಲವೇ? ತರ್ಕಶಾಸ್ತ್ರದ ದೃಷ್ಟಿಯಿಂದ ವಾದದಲ್ಲಿ ದೋಷವಿರಲಿಲ್ಲ. ಆಯಿ ಗೊಣಗಿದಳು. ಅವ್ವ ಮಾತ್ರ ಮರುಮಾತಾಡದೆ ನಾನು ಹೇಳಿದಂತೆ ಮಾಡಿದಳು. ಕರುವನ್ನು ತಾಯಿಯಿಂದ ದೂರ ಕಟ್ಟಿ, ನೆರೆಮನೆಯ ಆಕಳ ಹಾಲನ್ನು ಕಾಸಿ ಆರಿಸಿ ಮೂರು ದಿನ ಕುಡಿಸಿದಳು. ಎಮ್ಮೆಯ ಗಿಣ್ಣದ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ವಾಡಿಕೆಯಂತೆ ಹಂಚಿದೆವು. ಆ ವರ್ಷ ನಮ್ಮ ಗಿಣ್ಣ ಓಣಿಯ ಎಲ್ಲ ಮನೆಗಳಿಗೂ ಸಂದಿತು, ಕರುವಿಗೊಂದನ್ನು ಬಿಟ್ಟು.

ನಾಲ್ಕನೆಯ ದಿನ ಕರು ಬಿಳಿಯಾಗಿ ನೀರುನೀರಾಗಿ ಉಚ್ಚತೊಡಗಿತು. ಕಣ್ಣು ಗುಳಿಬಿದ್ದವು, ಕಿವಿ ತಣ್ಣಗಾದವು. ವೈದ್ಯರು ಮನೆಗೇ ಬಂದು ಸಲೈನ್ ಕೊಟ್ಟರು. ಬಂದವರು ಕೇಳಿದ್ದು ಒಂದೇ ಪ್ರಶ್ನೆ: “ಗಿಣ್ಣದ ಹಾಲು ಕುಡಿಸಿದ್ರಿಲ್ಲೋ?” ಅವ್ವ ನನ್ನ ಕಡೆ ನೋಡಿದಳು. ಆರನೆಯ ದಿನ ಕರು ಸತ್ತಿತು. ಅದರ ಹೊಟ್ಟೆಯಲ್ಲಿ ಒಂದು ಹುಳುವೂ ಇದ್ದಿರಲಾರದು.

ಬಸ್ಸಿನ ಅವಸರದಲ್ಲಿ ನಾನು ಕೇಳದೆ ಬಿಟ್ಟು ಬಂದ ಭಾಗವನ್ನು ಅಂದು ಕೊಟ್ಟಿಗೆಯಲ್ಲಿ ನಿಂತು ಕೇಳಿದೆ. ಮನುಷ್ಯರ ಮಗುವಿಗೆ ತಾಯಿಯ ಗರ್ಭದಲ್ಲಿರುವಾಗಲೇ ರೋಗನಿರೋಧಕ ಅಂಶಗಳು ರಕ್ತದ ಮೂಲಕ ದೊರೆಯುತ್ತವೆ. ಎಮ್ಮೆ, ಆಕಳುಗಳ ಮಾಸು ಬೇರೆ ಬಗೆಯದು. ಅದು ಈ ಅಂಶಗಳನ್ನು ದಾಟಗೊಡುವುದಿಲ್ಲ. ಹುಟ್ಟಿದ ಕರು ರೋಗಗಳ ಮುಂದೆ ಬರಿಗೈಯಲ್ಲಿ ನಿಂತಿರುತ್ತದೆ. ಅದಕ್ಕೆ ಬೇಕಾದ ಆಯುಧವೆಲ್ಲ ಗಿಣ್ಣದ ಹಾಲಿನಲ್ಲಿದೆ. ಅದನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಹುಟ್ಟಿದ ಮೊದಲ 24 ಗಂಟೆಗಳ ಕಾಲ ಮಾತ್ರ. ಗಂಟೆ ಗಂಟೆಗೂ ಆ ಬಾಗಿಲು ಮುಚ್ಚುತ್ತ ಬರುತ್ತದೆ. ಆದುದರಿಂದ ಹುಟ್ಟಿದ ಎರಡು ಗಂಟೆಗಳೊಳಗೆ ಮೊದಲ ಸಲ ಕುಡಿಸತಕ್ಕದ್ದು. ಮೊದಲ ದಿನದಲ್ಲಿ ಒಟ್ಟು ಕರುವಿನ ತೂಕದ ಹತ್ತರಲ್ಲೊಂದು ಪಾಲು, ಅಂದರೆ 30 ಕಿಲೋ ತೂಗುವ ಕರುವಿಗೆ ಸುಮಾರು 3 ಲೀಟರು, ಹೊಟ್ಟೆಗೆ ಹೋಗಬೇಕು. “ಮಾಸು ಬೀಳುವ ತನಕ ಕರುವಿಗೆ ಮೊಲೆ ಕೊಡಬಾರದು” ಎಂಬ ನಂಬಿಕೆ ಹಲವೆಡೆ ಉಂಟು. ಅದೂ ಇದೇ ಕಾರಣದಿಂದ ಕೆಟ್ಟದ್ದು.

ಹಾಗಾದರೆ ಹುಳುವನ್ನು ತಂದುಕೊಡುವುದೂ ಅದೇ ಹಾಲು, ಜೀವ ಉಳಿಸುವುದೂ ಅದೇ ಹಾಲು! ನಾನು ಒಂದನ್ನು ಕೇಳಿ ಇನ್ನೊಂದನ್ನು ಕೇಳದೆ ಓಡಿದ್ದೆ. ಆ ರಾತ್ರಿ ಅವ್ವನ ಹತ್ತಿರ ತಪ್ಪಾಯಿತೆಂದು ಹೇಳಿದಾಗ ಆಕೆ, “ನೀ ಕಲತಾಕಿ. ನೀ ಹೇಳಿದ್ದು ಖರೇನ ಇರಬೇಕಂತ ಮಾಡಿದೆ” ಎಂದಳು. ಬೈದಿದ್ದರೆ ವಾಸಿಯಾಗಿತ್ತು.

ಇನ್ನು ಉಪಾಯದ ಮಾತು. ತಾಯಿಗೇ ಔಷಧ ಹಾಕಿದರಾಗದೇ ಎಂದು ಯಾರಿಗಾದರೂ ತೋರುತ್ತದೆ. ಆದರೆ ಅಂಗಾಂಗಗಳಲ್ಲಿ ಮಲಗಿರುವ ಮರಿಗಳನ್ನು ವಾಡಿಕೆಯ ಔಷಧಗಳು ನಂಬಿಕೆಯಾಗುವಂತೆ ಕೊಲ್ಲುವುದಿಲ್ಲ. ಹಾಲು ಬಿಡಿಸುವುದಂತೂ ಆಗದ ಮಾತು. ಉಳಿದದ್ದು ಕರುವಿನ ಚಿಕಿತ್ಸೆ. ಅದರಲ್ಲಿ ಔಷಧಕ್ಕಿಂತ ದಿನದ ಲೆಕ್ಕ ಮುಖ್ಯ. ಶ್ರೀಲಂಕಾದಲ್ಲಿ 1980ರ ದಶಕದಲ್ಲಿ ಎಮ್ಮೆಕರುಗಳ ಮೇಲೆ ನಡೆದ ಅಧ್ಯಯನಗಳಿಂದ ಈ ಲೆಕ್ಕ ಸ್ಪಷ್ಟವಾಯಿತು. ಮರಿಗಳು ಹಾಲಿನಲ್ಲಿ ಇಳಿಯುವುದು ಈದ ಮೇಲಿನ ಒಂದು ವಾರ ಹತ್ತು ದಿನಗಳ ಒಳಗೆ. ಅವು ಬೆಳೆದು ಮೊಟ್ಟೆಯಿಡುವುದು ಮೂರು ವಾರಗಳಾದ ಮೇಲೆ. ಈ ಎರಡರ ನಡುವೆ, 10ರಿಂದ 16ನೆಯ ದಿನದೊಳಗೆ, ಔಷಧ ಕೊಟ್ಟರೆ ಬರುವ ಮರಿಗಳೆಲ್ಲ ಬಂದಾಗಿರುತ್ತವೆ, ಮೊಟ್ಟೆ ಒಂದೂ ನೆಲಕ್ಕೆ ಬಿದ್ದಿರುವುದಿಲ್ಲ. ಐದನೆಯ ದಿನ ಕೊಟ್ಟರೆ ಆಮೇಲೆ ಬರುವವು ಉಳಿದುಕೊಳ್ಳುತ್ತವೆ. ಮೂವತ್ತನೆಯ ದಿನ ಕೊಟ್ಟರೆ ಅಷ್ಟರಲ್ಲಿ ಕೊಟ್ಟಿಗೆಯ ನೆಲವೆಲ್ಲ ಬಿತ್ತಿದ ಹೊಲವಾಗಿರುತ್ತದೆ. ಜೊತೆಗೆ, ಕರುಳಿನ ತುಂಬ ಗೇಣುದ್ದದ ಹುಳುಗಳು ಬೆಳೆದ ಮೇಲೆ ಔಷಧ ಹಾಕಿದರೆ ಸತ್ತ ಹುಳುಗಳ ಉಂಡೆಯೇ ಕರುಳಿಗೆ ಅಡ್ಡ ಕಟ್ಟಿಕೊಳ್ಳುವ ಭಯವೂ ಉಂಟು.

ಔಷಧಗಳಲ್ಲಿ ಪೈರಾಂಟೆಲ್, ಫೆನ್‌ಬೆಂಡಜೋಲ್ ಇವು ಎಳೆಯ ಹುಳುಗಳನ್ನೂ ಹಿಡಿಯುತ್ತವೆ. ಪೈಪರಜಿನ್ ಅಗ್ಗವಾದದ್ದು, ಹಳೆಯದು. ಬೆಳೆದ ಹುಳುವಿನ ಮೇಲೆ ಚೆನ್ನಾಗಿ ನಡೆಯುತ್ತದೆ, ಎಳೆಯವುಗಳ ಮೇಲೆ ಅಷ್ಟಿಲ್ಲ. ಆದ್ದರಿಂದ ಅದನ್ನು ಕೊಟ್ಟವರು ಮತ್ತೆ ಕೊಡಬೇಕಾಗುತ್ತದೆ. ಪ್ರಮಾಣ ಕರುವಿನ ತೂಕದ ಮೇಲೆ. ಅದನ್ನು ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು. ನಮ್ಮ ಕಡೆ ಔಷಧವನ್ನು ಬಿದಿರಿನ ಗೊಟ್ಟದಲ್ಲಿ ಹೊಯ್ಯುತ್ತಾರೆ. ಹೊಯ್ಯುವಾಗ ಕರುವಿನ ನಾಲಿಗೆ ಹಿಡಿದೆಳೆದು ಮೂತಿಯನ್ನು ಆಕಾಶಕ್ಕೆ ಎತ್ತುವ ರೂಢಿ ಒಳ್ಳೆಯದಲ್ಲ. ಔಷಧ ಉಸಿರುಗೊಳವೆಗೆ ಇಳಿದು, ಹುಳುವಿನಿಂದ ಸಾಯದ ಕರು ಕೆಮ್ಮಿನಿಂದ ಸಾಯುತ್ತದೆ. ಬಾಯಿಯ ಮೂಲೆಯಿಂದ, ತಲೆ ಮಟ್ಟಸವಾಗಿದ್ದಾಗ, ಸ್ವಲ್ಪ ಸ್ವಲ್ಪವೇ ಹೊಯ್ಯಬೇಕು.

ಕೊಟ್ಟಿಗೆಯ ನೆಲವೂ ಅಷ್ಟೇ ಮುಖ್ಯ. ಕರುವಿನ ಸಗಣಿಯನ್ನು ದಿನವೂ ಬಳಿದು ತಿಪ್ಪೆಗೆ ಹಾಕಬೇಕು. ತಿಪ್ಪೆ ಎತ್ತರವಾಗಿ ಒತ್ತಾಗಿದ್ದರೆ ಒಳಗಿನ ಕಾವಿಗೆ ಮೊಟ್ಟೆಗಳು ಬೆಂದುಹೋಗುತ್ತವೆ. ಎಮ್ಮೆಯ ಮೇವನ್ನು ನೆಲದ ಮೇಲೆ ಚೆಲ್ಲದೆ ಗೋದಲಿಯಲ್ಲಿಯೇ ಹಾಕಬೇಕು. ಇದಕ್ಕೆ ಹಣವೇನೂ ಬೇಕಾಗಿಲ್ಲ, ಆದರೆ ಬೆಳಗಿನ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಮನೆಯ ಹೆಂಗಸರದೇ ಆಗಿರುತ್ತದೆಂಬುದನ್ನು ಸಲಹೆ ಕೊಡುವವರು ಮರೆಯುತ್ತಾರೆ.

ಹಾಲಿನಲ್ಲಿ ಹುಳು ಎಂಬ ಸುದ್ದಿ ಕೇಳಿ ನಮ್ಮ ಓಣಿಯ ಒಬ್ಬಾಕೆ ನಮ್ಮಿಂದ ಹಾಲು ಕೊಳ್ಳುವುದನ್ನೇ ನಿಲ್ಲಿಸಿದಳು. ಕುದಿಸಿದ ಹಾಲಿನಲ್ಲಿ ಯಾವ ಮರಿಯೂ ಬದುಕಿರುವುದಿಲ್ಲವೆಂದು ಆಕೆಗೆ ತಿಳಿಸಲು ನನಗೆ ಒಂದು ತಿಂಗಳು ಹಿಡಿಯಿತು.

ಬೆಳೆದ ದನಗಳ ಹುಳುಗಳು ಬೇರೆ. ಅವುಗಳ ಕಥೆ ಇನ್ನೊಂದು ಲೇಖನಕ್ಕಾಗುವಷ್ಟಿದೆ. ಮಳೆ ಬಿದ್ದ ಮೇಲೆ ಹಸಿರು ಹುಲ್ಲಿನ ತುದಿಗೆ ಏರಿ ಕುಳಿತ ಮರಿಗಳಿಂದ ಹೊಟ್ಟೆಯ ರಕ್ತ ಹೀರುವ ಹುಳುಗಳು ಬರುತ್ತವೆ. ಮಲಪ್ರಭೆಯ ಕಾಲುವೆಯ ನೀರು ನಿಲ್ಲುವ ನಮ್ಮಂಥ ಕಡೆ ಬಸವನಹುಳುವಿನ ಮೂಲಕ ಎಲೆಯಾಕಾರದ ಚಪ್ಪಟೆ ಹುಳುಗಳೂ ಬರುತ್ತವೆ. ಕುರಿದನಗಳ ಯಕೃತ್ತಿನ ಚಪ್ಪಟೆ ಹುಳು ಬಸವನಹುಳುವಿನ ಒಡಲಲ್ಲಿ ಬೆಳೆದು ಬರುತ್ತದೆಂಬುದನ್ನು ಇಂಗ್ಲೆಂಡಿನ ಥಾಮಸ್, ಜರ್ಮನಿಯ ಲ್ಯೂಕಾರ್ಟ್ ಇಬ್ಬರೂ ಬೇರೆ ಬೇರೆಯಾಗಿ 1880ರ ದಶಕದ ಆರಂಭದಲ್ಲಿಯೇ ಕಂಡುಹಿಡಿದರು. ದನದ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ ಬಂದರೆ ಇಂಥ ಹುಳುಗಳ ಸಂಶಯ ಪಡಬೇಕು. ಇವುಗಳ ಮೊಟ್ಟೆ ಭಾರ; ಉಪ್ಪುನೀರಿನಲ್ಲಿ ತೇಲದೆ ತಳಕ್ಕಿಳಿಯುವುದರಿಂದ ಪರೀಕ್ಷೆಯ ಕ್ರಮವೇ ಬೇರೆ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಬೇಕು. ಅಂಗಡಿಯಿಂದ ಆಲ್ಬೆಂಡಜೋಲ್ ತಂದು ಎಲ್ಲ ದನಕ್ಕೂ ಒಂದೇ ಅಳತೆಯಲ್ಲಿ ಹಾಕುವವರನ್ನು ನಾನು ನೋಡಿದ್ದೇನೆ. ಗಬ್ಬದ ಮೊದಲ ಒಂದೂವರೆ ತಿಂಗಳಲ್ಲಿ ಅದು ಹೊಟ್ಟೆಯೊಳಗಿನ ಕರುವಿಗೆ ಅಪಾಯಕಾರಿ. ಕಡಿಮೆ ಅಳತೆಯಲ್ಲಿ ಮತ್ತೆ ಮತ್ತೆ ಹಾಕಿದರೆ ಸಾಯದೆ ಉಳಿದ ಹುಳುಗಳೇ ವಂಶ ಬೆಳೆಸಿ, ಮುಂದೆ ಆ ಔಷಧಕ್ಕೆ ಬಗ್ಗದಂತಾಗುತ್ತವೆ.

2025ರ ಜನವರಿಯ ಕೊನೆಯಲ್ಲಿ ನಮ್ಮ ಎಮ್ಮೆ ಮತ್ತೆ ಈದಿತು. ಮಾಸು ಬೀಳಲೆಂದು ಕಾಯದೆ ಅವ್ವ ಕರುವನ್ನು ಕೆಚ್ಚಲಿಗೆ ಬಿಟ್ಟಳು. ಅದು ಕುಡಿದು ಮಿಕ್ಕ ಗಿಣ್ಣ ಈ ಸಲ ಮೂರು ಮನೆಗೆ ಮಾತ್ರ ಸಾಕಾಯಿತು. ಅಪ್ಪನಿಗೆ ಓದು ಬಾರದು. ಆದರೆ ಕೊಟ್ಟಿಗೆಯ ಬಾಗಿಲಿನ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆಯುತ್ತ ಹೋದನು. ಹನ್ನೆರಡನೆಯ ಗೆರೆ ಬಿದ್ದ ದಿನ ನನಗೆ ಆಂತರಿಕ ಪರೀಕ್ಷೆಯಿತ್ತು. ಅವ್ವನೇ ಬಸ್ಸು ಹತ್ತಿ ಹೋಗಿ ವೈದ್ಯರಿಂದ ಔಷಧ ತಂದು, ಅವರು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಕೊಂಡು ಬಂದು, ಸಂಜೆ ನಾನು ಬರುವಷ್ಟರಲ್ಲಿ ಕುಡಿಸಿ ಮುಗಿಸಿದ್ದಳು. ಆರನೆಯ ವಾರದಲ್ಲಿ ಅದರ ಸಗಣಿಯನ್ನು ಪರೀಕ್ಷೆಗೆ ಒಯ್ದೆ. ಗಾಜಿನ ಕೆಳಗೆ ಬಹಳ ಹೊತ್ತು ಹುಡುಕಿದೆವು. ಉಪ್ಪಿನ ಹರಳುಗಳು, ಒಂದು ಹುಲ್ಲಿನ ಎಳೆ ಇಷ್ಟೇ ಕಂಡವು. ಇದು ಗಂಡುಕರು. ಆದರೂ ಆಯಿ ಅದನ್ನು ಮಾರಗೊಡುತ್ತಿಲ್ಲ.